ಮೊಳಕಾಲೆತ್ತರದ ಬಿದಿರು: ಹೆಸರಿಡುವುದು ಹೇಗೆ?

ಬಿದಿರು ಎಂದೊಡನೆ ನಮಗೆ ನೆನಪಾಗುವುದು ಏಣಿ, ಮೊರ, ಬುಟ್ಟಿ. ಆದರೆ ಸುಮಾರು 2 ಸೆಂಟಿಮೀಟರ್ ಎತ್ತರ ಬೆಳೆಯುವ ಬಿದಿರೂ ಇದೆ ಎಂದರೆ ನೀವು ನಂಬುವಿರಾ? ಫ್ರೆಂಚ್ ಗಯಾನದ ಈ ಸಸ್ಯವನ್ನು ರಾಡಿಯೆಲ್ಲ ವನೆಸ್ಸಿಯೆ ಎಂಬ ಹೊಸ ಪ್ರಭೇದವಾಗಿ 2007ರಲ್ಲಿ ಪ್ರಕಟಿಸಲಾಯಿತು.

ಹುಲ್ಲಿನ ಕುಟುಂಬಕ್ಕೆ ಸೇರಿದ ಬಿದಿರಿನಲ್ಲಿ 1,600ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ನೂರಕ್ಕೂ ಹೆಚ್ಚು ಮೃದುಕಾಂಡದವು. ಇವುಗಳ ಪಂಗಡಕ್ಕೆ ಒಲೈರೀ ಎಂದು ಹೆಸರು. ಹೆಚ್ಚಿನವು ಅಮೆರಿಕ ಖಂಡದ ಉಷ್ಣವಲಯದಲ್ಲಿ, ಮಳೆಕಾಡಿನ ನೆಲದಲ್ಲಿ ಬೆಳೆಯುತ್ತವೆ. ಅಲ್ಲಿಗೆ ತಲಪುವ ಬೆಳಕು ಬಹಳ ಅಲ್ಪ. ಅಗಲವಾದ ತೆಳು ಎಲೆಗಳು ಅದನ್ನು ಹಿಡಿಯಲು ನೆರವಾಗುತ್ತವೆ.

ಹೊಸ ಪ್ರಭೇದವೆಂದು ನಿರ್ಧರಿಸುವುದು ಹೇಗೆ? ಎಲೆಯೊಂದೇ ಸಾಲದು, ಹೂತೆನೆ ಬೇಕು. ಒಲೈರೀ ಪಂಗಡದಲ್ಲಿ ಗಂಡು, ಹೆಣ್ಣು ಕಿರುತೆನೆಗಳು ಬೇರೆ ಬೇರೆ. ಸಂಗ್ರಹಿಸಿದ ಮಾದರಿಯನ್ನು ಒಣಗಿಸಿ, ಸಸ್ಯಸಂಗ್ರಹಾಲಯಗಳಲ್ಲಿರುವ ಹಳೆಯ ಮಾದರಿಗಳೊಂದಿಗೆ ಹೋಲಿಸುತ್ತಾರೆ. ಹೊಸದೆಂದು ಖಚಿತವಾದರೆ ವಿವರಣೆ ಬರೆದು, ಒಂದು ಮಾದರಿಯನ್ನು ಆ ಹೆಸರಿಗೆ ಆಧಾರವಾಗಿ ಕಾಯ್ದಿರಿಸುತ್ತಾರೆ.

ಡಿಎನ್‌ಎ ಪರೀಕ್ಷೆ ಹಳೆಯ ತೀರ್ಮಾನಗಳನ್ನು ಬದಲಿಸುವುದೂ ಉಂಟು. 1851ರಲ್ಲಿ ಹೆಸರು ಪಡೆದ ಅನೋಮೋಕ್ಲೋವ ಬಹುಕಾಲ ಕಾಣಸಿಗದೆ, 1976ರಲ್ಲಿ ಬ್ರೆಜಿಲಿನ ಬಹಿಯಾದಲ್ಲಿ ಮತ್ತೆ ಸಿಕ್ಕಿತು. ಅದನ್ನು ಬಿದಿರಿನ ಗುಂಪಿಗೆ ಸೇರಿಸಿದ್ದರು. ಆದರೆ ಅದು ಹುಲ್ಲುಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದ ಶಾಖೆಯೆಂದು ಡಿಎನ್‌ಎ ತಿಳಿಸಿತು.

ನಮ್ಮ ಪಶ್ಚಿಮಘಟ್ಟದ ಸಹಜ ಬಿದಿರುಗಳು ಗಟ್ಟಿಕಾಂಡದವು. ಅಲ್ಲಿಯೂ ಇದೇ ಸಮಸ್ಯೆ. ಮುಳ್ಳಿಲ್ಲದ ಮರಿಹಾಳ ಬಿದಿರನ್ನು ಗಮನಿಸಿ. 1868ರಲ್ಲಿ ಮನ್ರೋ ಇದನ್ನು ಆಕ್ಸಿಟೆನಾಂತೆರ ಸ್ಟಾಕ್ಸಿ ಎಂದು ಕರೆದರು. ಮುಂದೆ ಅದು ಸ್ಯೂಡಾಕ್ಸಿಟೆನಾಂತೆರ ಕುಲಕ್ಕೂ, 2004ರಲ್ಲಿ ಡೆಂಡ್ರೊಕಲಾಮಸ್ ಕುಲಕ್ಕೂ ಸೇರಿತು. ಕುಲ ಬದಲಾದರೂ 'ಸ್ಟಾಕ್ಸಿ' ಉಳಿಯಿತು. ಮೊದಲಿಟ್ಟ ಪ್ರಭೇದನಾಮವನ್ನು ಉಳಿಸಬೇಕೆಂಬುದು ನಾಮಕರಣದ ನಿಯಮ.

ದೊಡ್ಡಬಿದಿರು ಹೂಬಿಡಲು 40-50 ವರ್ಷ ಬೇಕು. ಅಷ್ಟರೊಳಗೆ ಮೆಳೆ ಕಡಿದರೆ ಹೂವಿನ ಸಾಕ್ಷ್ಯವೇ ಇಲ್ಲ. ಮೃದುಕಾಂಡದವು ಸಾಮಾನ್ಯವಾಗಿ ಬೇಗ ಹೂಬಿಡುತ್ತವೆ. ಆದರೆ ನೆರಳು ನೀಡುವ ಮರಗಳು ಹೋದರೆ ಅವುಗಳ ನೆಲೆಯೇ ಹೋದಂತೆ. ಹೀಗೆ ಹೆಸರು ಪಡೆಯುವ ಮೊದಲೇ ಪ್ರಭೇದವೊಂದು ಅಳಿಯಬಹುದು. ಹೆಸರಿಲ್ಲದುದನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸುವುದು ಹೇಗೆ?

ಶಿಕ್ಷಕರೇ, ಜಯನಗರದ ಮಕ್ಕಳಿಗೆ ಲಾಲ್‌ಬಾಗ್ ಹತ್ತಿರವೇ ಇದೆ. ಅಲ್ಲಿನ ಬಿದಿರುಮೆಳೆಯ ಬಳಿ ನಿಲ್ಲಿಸಿ ಗೆಣ್ಣು, ಕಾಂಡವನ್ನು ಸುತ್ತಿದ ಪೊರೆಯೆಲೆ, ಕೊಂಬೆ ಒಡೆಯುವ ರೀತಿಯನ್ನು ಚಿತ್ರಿಸಲು ಹೇಳಿ. ಕೀಳುವುದು ಬೇಡ. ಬಳಿಕ ಪಕ್ಕದ ಹುಲ್ಲಿನೊಂದಿಗೆ ಹೋಲಿಸಲಿ. ವರ್ಗೀಕರಣದ ಮೊದಲ ಪಾಠ ಅದೇ.