ಎರಡು ಕ್ಯಾಮೆರಾ, ಒಂದೇ ಲೆನ್ಸ್

ಮಿರರ್‌ಲೆಸ್ ಎಂದರೇನು ಎಂಬುದನ್ನು ಮೊದಲು ಬೇಗ ಮುಗಿಸೋಣ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದಾಗ ಎದ್ದು ದಾರಿ ಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ಸೀದಾ ಸೆನ್ಸರಿಗೆ ಬೀಳುತ್ತದೆ, ಸೆನ್ಸರ್ ಕಂಡದ್ದನ್ನೇ ನಾವು ಪರದೆಯಲ್ಲಿ ಕಾಣುತ್ತೇವೆ. ಈ ಪೀಳಿಗೆ ಶುರುವಾದದ್ದು 2008ರಲ್ಲಿ, ಪ್ಯಾನಾಸೋನಿಕ್ ಲೂಮಿಕ್ಸ್ ಜಿ1 ಕ್ಯಾಮೆರಾದಿಂದ. ಇಷ್ಟು ಸಾಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗರು ಕೇಳುವ ಪ್ರಶ್ನೆ ಇದಕ್ಕಿಂತ ನೇರವಾದದ್ದು: “ಅಣ್ಣಾ, ಆರ್ ಫಿಫ್ಟಿ ಚಲೋನೋ, ಆರ್ ಹಂಡ್ರೆಡ್ ಚಲೋನೋ?” ಎರಡೂ ಕ್ಯಾನನ್ ಕಂಪನಿಯವು, ಎರಡೂ 2023ರಲ್ಲಿ ಬಂದವು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎರಡರಲ್ಲೂ ಇದೆ. ಇದು ಸಣ್ಣ ಮಾತಲ್ಲ. ವ್ಯೂಫೈಂಡರ್ ಇಲ್ಲದ ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಕೂಡ ಒಳ್ಳೆಯ ಕ್ಯಾಮೆರಾಗಳೇ. ಆದರೆ ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಹಿಂದಿನ ಪರದೆಯೊಂದನ್ನೇ ನಂಬಿ ಮೆರವಣಿಗೆ ತೆಗೆಯುವುದು ಕಣ್ಣಿಗೆ ದೊಡ್ಡ ಶಿಕ್ಷೆ.

ಈಗ ಎರಡರ ವಿವರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆರ್50ರಲ್ಲಿ 24.2 ಮೆಗಾಪಿಕ್ಸೆಲ್, ಆರ್100ರಲ್ಲಿ 24.1. ಬ್ಯಾಟರಿ, ಕಾರ್ಡು ಸೇರಿ ಒಂದರ ತೂಕ 375 ಗ್ರಾಂ, ಇನ್ನೊಂದರದು 356. ಎರಡಕ್ಕೂ ಎಪಿಎಸ್-ಸಿ ಅಳತೆಯ ಸೆನ್ಸರ್, ಅದೇ ಎಲ್‌ಪಿ-ಇ17 ಬ್ಯಾಟರಿ, ಜೊತೆಗೆ ಬರುವ ಲೆನ್ಸೂ ಅದೇ 18-45 ಎಂಎಂ. ಹೀಗಿದ್ದೂ ಆರ್50ಕ್ಕೆ ಸಾಕಷ್ಟು ಹೆಚ್ಚು ಹಣ ಕೊಡಬೇಕು. ಹೆಚ್ಚಿನ ಹಣ ಹೋಗುವುದು ಎಲ್ಲಿಗೆ?

ಮೆಗಾಪಿಕ್ಸೆಲ್ ಭ್ರಮೆಯನ್ನು ಇಲ್ಲಿಯೇ ಕಳಚಿಡಬೇಕು. ಮದುವೆಯ ಕರಿಷ್ಮಾ ಆಲ್ಬಮ್‌ನಲ್ಲಿ 12×36 ಇಂಚಿನ ಹರವು ಸಾಮಾನ್ಯ. ಅದರ ಅರ್ಧಕ್ಕೆ, ಅಂದರೆ 12×18 ಇಂಚಿಗೆ, ಒಂದೇ ಚಿತ್ರ ತುಂಬಿ ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿಸಿದರೂ ಬೇಕಾಗುವುದು 5400×3600 ಚುಕ್ಕಿ, ಸುಮಾರು 19 ಮೆಗಾಪಿಕ್ಸೆಲ್. ಎರಡೂ ಕ್ಯಾಮೆರಾ ಅದನ್ನು ದಾಟಿವೆ. ಚುಕ್ಕಿಯ ಲೆಕ್ಕದಲ್ಲಿ ಇವು ಸರಿಸಮ. ವ್ಯತ್ಯಾಸ ಇರುವುದು ವೇಗದಲ್ಲಿ. ಸೆನ್ಸರಿನಿಂದ ಬಂದದ್ದನ್ನು ಎಷ್ಟು ಬೇಗ ಓದಿ, ಅರ್ಥ ಮಾಡಿಕೊಂಡು, ಫೋಕಸ್ ತಿದ್ದುತ್ತದೆ ಎಂಬುದರಲ್ಲಿ. ಆರ್50ರ ಒಳಗಿರುವುದು ಹೊಸ ಡಿಜಿಕ್ ಎಕ್ಸ್ ಪ್ರೊಸೆಸರ್, ಆರ್100ರಲ್ಲಿ ಹಳೆಯ ಡಿಜಿಕ್ 8. ಆದ್ದರಿಂದ ಕೊಳ್ಳುವವರಿಗೆ ನಾನು ಮರಳಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಲೆನ್ಸಿನ ಮುಂದೆ ಇರುವುದು ಎಷ್ಟು ಅಲುಗುತ್ತದೆ?

ವಿಡಿಯೊದಿಂದ ಶುರು ಮಾಡೋಣ. ಆರ್50 ತನ್ನ ಸೆನ್ಸರಿನ ಪೂರ್ತಿ ಅಗಲವನ್ನು ಬಳಸಿ ಸೆಕೆಂಡಿಗೆ 30 ಫ್ರೇಮಿನವರೆಗೆ 4ಕೆ ತೆಗೆಯುತ್ತದೆ. ಆರ್100 ಕೂಡ 4ಕೆ ತೆಗೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಆಗ ಅದು ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ, ಚಿತ್ರದ ಅಂಚು ಸುಮಾರು 1.55 ಪಟ್ಟು ಕತ್ತರಿಸಿ ಹೋಗುತ್ತದೆ. 18 ಎಂಎಂ ಲೆನ್ಸ್ ಈ ಅಳತೆಯ ಸೆನ್ಸರಿನಲ್ಲಿ ಮೊದಲೇ ಫುಲ್‌ಫ್ರೇಮಿನ 29 ಎಂಎಂನಂತೆ ಕಾಣುತ್ತದೆ. ಈ ಕತ್ತರಿ ಬಿದ್ದರೆ 45 ಎಂಎಂ ಸಮೀಪಕ್ಕೆ ಬಂದು ನಿಲ್ಲುತ್ತದೆ. ಮನೆಯ ಪಡಸಾಲೆಯಲ್ಲಿ ಅರಿಶಿಣ ಶಾಸ್ತ್ರ ನಡೆಯುವಾಗ ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದರೂ ಮದುಮಗಳೂ ಸುತ್ತಲಿನ ಹೆಂಗಸರೂ ಒಟ್ಟಿಗೆ ಚೌಕಟ್ಟಿಗೆ ಹಿಡಿಸುವುದಿಲ್ಲ. ಸಾಲದ್ದಕ್ಕೆ 4ಕೆಯಲ್ಲಿ ಆರ್100ರ ಚುರುಕಾದ ಡ್ಯುಯಲ್ ಪಿಕ್ಸೆಲ್ ಫೋಕಸ್ ಕೈಬಿಟ್ಟು, ಹಿಂದೆ ಮುಂದೆ ತಡಕಾಡುವ ಹಳೆಯ ಬಗೆ ಬರುತ್ತದೆ. ಫುಲ್ ಎಚ್‌ಡಿಯಲ್ಲಿ ಈ ತೊಂದರೆ ಇಲ್ಲ. ಆದ್ದರಿಂದ ಆರ್100 ಕೊಳ್ಳುವವರು ಅದನ್ನು ಫುಲ್ ಎಚ್‌ಡಿ ಕ್ಯಾಮೆರಾ ಎಂದೇ ತಿಳಿದು ಕೊಳ್ಳಲಿ. ಅದರ ಹಿಂದಿನ ಪರದೆ ತಿರುಗುವುದಿಲ್ಲ, ಬೆರಳಿಗೂ ಸ್ಪಂದಿಸುವುದಿಲ್ಲ ಎಂಬುದೂ ಗೊತ್ತಿರಲಿ.

ಇನ್ನು ನಾನು ಎಷ್ಟು ಸಲ ವಿವರಿಸಿದರೂ ಬೇಸರವಾಗದ ಸಂಗತಿಗೆ ಬರುತ್ತೇನೆ. ಕಲ್ಯಾಣ ಮಂಟಪದಲ್ಲಿ ತೆಗೆದ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬೀಳುವುದನ್ನು ನೀವು ಕಂಡಿರಬಹುದು. “ಸೆನ್ಸರ್ ಕೆಟ್ಟಿದೆ” ಎಂದು ಅಂಗಡಿಗೆ ಓಡುವವರೂ ಇದ್ದಾರೆ. ಸೆನ್ಸರ್ ಕೆಟ್ಟಿಲ್ಲ. ನಮ್ಮ ಕರೆಂಟಿನ ನಡೆಯೇ ಚಿತ್ರದಲ್ಲಿ ಮೂಡಿದೆ.

ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಪ್ರತಿ ಆವರ್ತನದಲ್ಲಿ ಅದು ಎರಡು ಸಲ ಶಿಖರ ಮುಟ್ಟುವುದರಿಂದ ಅಗ್ಗದ ಎಲ್‌ಇಡಿ ಬಲ್ಬು, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ನಮ್ಮ ಕಣ್ಣು ಅದನ್ನು ಹಿಡಿಯಲಾರದು, ಸೆನ್ಸರ್ ಹಿಡಿಯುತ್ತದೆ. ಹಿಡಿಯುವ ರೀತಿ ಮಾತ್ರ ವಿಚಿತ್ರ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟಾಗ 4000 ಸಾಲುಗಳ ಈ ಸೆನ್ಸರ್ ಎಲ್ಲ ಸಾಲನ್ನೂ ಒಮ್ಮೆಗೇ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದ ಗದ್ದೆಗೆ ಮೊದಲು ಮುಟ್ಟಿ, ಕೊನೆಭಾಗದ ರೈತನಿಗೆ ತಡವಾಗಿ ಮುಟ್ಟುವಂತೆ, ಚಿತ್ರದ ಮೇಲಿನ ಸಾಲಿನ ಸರದಿ ಮೊದಲು, ಕೆಳಸಾಲಿನ ಸರದಿ ಆಮೇಲೆ.

ಪೂರ್ತಿ ಓದಲು 30 ಮಿಲಿಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ದೀಪದ ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್. ಅಂದರೆ ಓದಿ ಮುಗಿಯುವಷ್ಟರಲ್ಲಿ ದೀಪ ಮೂರು ಸಲ ಏರಿ ಇಳಿದಿರುತ್ತದೆ. ಶಟರ್ ವೇಗ 1/1000 ಇದ್ದರೆ ಪ್ರತಿ ಸಾಲಿಗೆ ಸಿಗುವುದು ಒಂದೇ ಮಿಲಿಸೆಕೆಂಡಿನ ಬೆಳಕು. ದೀಪ ಏರಿದ್ದಾಗ ಸರದಿ ಬಂದ ಸಾಲು ಬೆಳ್ಳಗೆ, ಇಳಿದಿದ್ದಾಗ ಬಂದದ್ದು ಕಪ್ಪಗೆ. ಹೀಗೆ ಮೂರು ಬೆಳಕಿನ ಪಟ್ಟಿ, ಮೂರು ಕತ್ತಲಿನ ಪಟ್ಟಿ. ಈಗ ಶಟರನ್ನು 1/100ಕ್ಕೆ ಇಳಿಸಿ. ಪ್ರತಿ ಸಾಲೂ 10 ಮಿಲಿಸೆಕೆಂಡ್ ತೆರೆದಿರುತ್ತದೆ. ಯಾವ ಕ್ಷಣಕ್ಕೆ ಶುರುವಾದರೂ ಒಂದು ಪೂರ್ತಿ ಏರಿಳಿತ ಅದರ ಪಾಲಿಗೆ ಬಂದೇ ಬರುತ್ತದೆ. ಎಲ್ಲ ಸಾಲಿಗೂ ಸಮಪಾಲು. ಪಟ್ಟಿ ಮಾಯ! 1/50 ಇಟ್ಟರೆ ಎರಡು ಏರಿಳಿತ, ಅದೂ ಸರಿ. 1/60 ಇಟ್ಟರೆ ಒಂದೂ ಮುಕ್ಕಾಲಿಗೆ ಹತ್ತಿರ, ಪಾಲು ಮತ್ತೆ ಹೆಚ್ಚುಕಡಿಮೆ.

ಬಹಳ ಜನ ಎಡವುವುದು ಇಲ್ಲಿಯೇ. ಯೂಟ್ಯೂಬಿನಲ್ಲಿ ಅಮೆರಿಕದವರು 1/60 ಇಡಿ, 30 ಫ್ರೇಮ್ ಇಡಿ ಎನ್ನುತ್ತಾರೆ. ಅವರ ವಿದ್ಯುತ್ತು 60 ಆವರ್ತನದ್ದು, ಅವರಿಗೆ ಅದು ಸರಿ. ನಾವು ಕ್ಯಾಮೆರಾದ ಮೆನುವಿನಲ್ಲಿ ವಿಡಿಯೊ ಪದ್ಧತಿಯನ್ನು ಪಾಲ್ ಎಂದು ಆರಿಸಿ, 25 ಫ್ರೇಮ್, 1/50 ಶಟರ್ ಇಟ್ಟುಕೊಳ್ಳಬೇಕು. ಆದರೆ ಎಚ್ಚರ, ವೇದಿಕೆಯ ಬಣ್ಣದ ಎಲ್‌ಇಡಿ ಪಾರ್ ಲೈಟು, ಎಲ್‌ಇಡಿ ಗೋಡೆಗಳು ಕರೆಂಟಿನ ತಾಳಕ್ಕೆ ಕುಣಿಯುವುದಿಲ್ಲ. ಅವುಗಳ ಒಳಗಿನ ಸರ್ಕ್ಯೂಟು ತನ್ನದೇ ವೇಗದಲ್ಲಿ ದೀಪವನ್ನು ಆರಿಸಿ ಹೊತ್ತಿಸುತ್ತಿರುತ್ತದೆ. ಅಲ್ಲಿ ಫೋಟೊ ತೆಗೆಯುವಾಗ ಎಲೆಕ್ಟ್ರಾನಿಕ್ ಶಟರ್ ಬಿಟ್ಟು, ಕೊನೆಯಲ್ಲಿ ನಿಜವಾದ ಪರದೆ ಮುಚ್ಚಿಕೊಳ್ಳುವ ‘ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್’ ಆಯ್ಕೆಗೆ ಬನ್ನಿ. ಪರದೆ ಸೆನ್ಸರಿನ ಮೇಲೆ ಬಲು ವೇಗವಾಗಿ ಹಾಯುವುದರಿಂದ ಪಟ್ಟಿಗಳ ಕಾಟ ಬಹಳ ಕಡಿಮೆ. ಆರ್50 ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆಕೆಂಡಿಗೆ 15 ಚಿತ್ರ, ಕರ್ಟನ್ ಬಳಸಿ 12 ಚಿತ್ರ ತೆಗೆಯುತ್ತದೆ. ಮದುವೆಗೆ 12 ಧಾರಾಳವಾಯಿತು. ಆರ್100ರ ಗರಿಷ್ಠ 6.5. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ, ಹತ್ತಾರು ಕೈಗಳ ನಡುವೆ ಮದುಮಕ್ಕಳ ಕಣ್ಣನ್ನೇ ಬೆನ್ನಟ್ಟಿ ಫೋಕಸ್ ಹಿಡಿಯುವುದರಲ್ಲೂ ಆರ್50ರದು ಮೇಲುಗೈ. ನಾಯಿ, ಬೆಕ್ಕು, ಹಕ್ಕಿಗಳನ್ನೂ ಅದು ಗುರುತಿಸುತ್ತದೆ, ಆರ್100 ಮನುಷ್ಯರನ್ನಷ್ಟೇ. ಸಿಂಧನೂರಿನ ಗದ್ದೆಗಳಲ್ಲಿ ಬೆಳ್ಳಕ್ಕಿ ಏಳುವುದನ್ನು ಹಿಡಿಯುವ ಆಸೆಯಿದ್ದರೆ ಇದು ನೆನಪಿರಲಿ. ಅದಕ್ಕೆ 18-45 ಸಾಲದು, 55-210 ಲೆನ್ಸೂ ಬೇಕು. ಹೊಟ್ಟು ತೂರುವ ಕಡೆ, ರೈಸ್‌ಮಿಲ್ಲಿನ ಅಂಗಳದಲ್ಲಿ ಲೆನ್ಸ್ ಬದಲಿಸಬೇಡಿ. ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಧೂಳಿಗೂ ಸೆನ್ಸರಿಗೂ ನಡುವೆ ಏನೂ ಇಲ್ಲ.

ಲೆನ್ಸಿನ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. 18-45 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್ ಎಫ್/6.3. ಪ್ರತ್ಯೇಕವಾಗಿ ಸಿಗುವ ಆರ್‌ಎಫ್ 50 ಎಂಎಂ ಲೆನ್ಸಿನದು ಎಫ್/1.8. ಬೆಳಕಿನ ಪ್ರಮಾಣ ಈ ಸಂಖ್ಯೆಗಳ ವರ್ಗವನ್ನು ಅವಲಂಬಿಸಿರುವುದರಿಂದ ಎರಡನೆಯದು ಸುಮಾರು 12 ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಮಂಕು ದೀಪದ ಹಾಲ್‌ನಲ್ಲಿ ಐಎಸ್‌ಒ 12800ಕ್ಕೆ ಏರಿಸಬೇಕಾಗಿದ್ದ ಚಿತ್ರ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಈ ಎರಡು ಬಾಡಿಗಳ ನಡುವೆ ಇಷ್ಟು ದೊಡ್ಡ ಅಂತರ ಎಲ್ಲೂ ಇಲ್ಲ. ಫೋಟೊ ಮಾತ್ರ ತೆಗೆಯುವವರು, ಅದರಲ್ಲೂ ಮುಖಚಿತ್ರ ತೆಗೆಯುವವರು, ಆರ್100 ಕೊಂಡು ಉಳಿದ ಹಣದಲ್ಲಿ ಈ ಲೆನ್ಸ್ ಕೊಂಡರೆ ಅದು ಜಾಣತನ. ವಿಡಿಯೊದಿಂದ ಹೊಟ್ಟೆ ಹೊರೆಯಬೇಕೆನ್ನುವವರಿಗೆ ಆರ್50 ಬಿಟ್ಟು ಬೇರೆ ಹೇಳಲಾರೆ. ಸ್ಟುಡಿಯೊದಲ್ಲಿ ಹಳೆಯ ಇಎಫ್ ಲೆನ್ಸುಗಳಿದ್ದರೆ ಮಾರಬೇಡಿ, ಅಡಾಪ್ಟರ್ ಹಾಕಿದರೆ ಎರಡರ ಮೇಲೂ ನಡೆಯುತ್ತವೆ.

ಇನ್ನು ಏನೂ ಅಲುಗದ ಜಾಗಕ್ಕೆ ಬರೋಣ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಅರಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಇಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು ಬಿದ್ದವು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇದ್ದ ದೊರೆ ಅಶೋಕನೇ ಎಂಬುದು ಗಟ್ಟಿಯಾದದ್ದು ಮಸ್ಕಿಯ ಈ ಬಂಡೆಯಿಂದ. ಅಂಥ ಅಕ್ಷರಗಳನ್ನು ನೇರ ಬೆಳಕಿನಲ್ಲಿ ತೆಗೆದರೆ ಯಾವ ಕ್ಯಾಮೆರಾದಲ್ಲೂ ಕಾಣುವುದು ಬರೀ ಕಲ್ಲು. ಬೆಳಕು ಪಕ್ಕದಿಂದ, ಕಲ್ಲಿನ ಮೈಯನ್ನು ಸವರುವಂತೆ ಬಂದಾಗ ಮಾತ್ರ ಪ್ರತಿ ಗೀರಿನ ಒಂದು ಅಂಚು ಹೊಳೆದು, ಇನ್ನೊಂದಂಚು ನೆರಳಾಗಿ, ಅಕ್ಷರ ಎದ್ದು ಬರುತ್ತದೆ. ಇಲ್ಲಿ ವೇಗಕ್ಕೆ ಕೆಲಸವಿಲ್ಲ. ಕ್ಯಾಮೆರಾ ಕದಲದಂತೆ ನಿಲ್ಲಿಸಿ, ಐಎಸ್‌ಒ 100 ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆದರೆ ಆರ್100 ಕೊಡುವ ಚಿತ್ರಕ್ಕೂ ಆರ್50 ಕೊಡುವುದಕ್ಕೂ ನನಗೆ ವ್ಯತ್ಯಾಸ ಕಾಣದು.

ಇದರ ಮುಂದಿನ ಹೆಜ್ಜೆಯನ್ನು ಯಾರಾದರೂ ಇಲ್ಲಿನವರೇ ಇಡಲಿ ಎಂಬುದು ನನ್ನ ಬಲವಾದ ಆಸೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು. ಕ್ಯಾಮೆರಾ ಕದಲಿಸದೆ, ಬೆಳಕನ್ನು ಮಾತ್ರ ಬೇರೆ ಬೇರೆ ದಿಕ್ಕಿನಿಂದ ಬಿಟ್ಟು ಹತ್ತಾರು ಚಿತ್ರ ತೆಗೆಯುವುದು. ಆಮೇಲೆ ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ, ಬೆಳಕನ್ನು ಬೇಕಾದ ಕಡೆಗೆ ತಿರುಗಿಸುತ್ತ ಅಕ್ಷರ ಓದುವುದು. ಬೆಳಕು ಯಾವ ಕಡೆಯಿಂದ ಬಂತೆಂದು ತಿಳಿಯಲು ಚೌಕಟ್ಟಿನ ಒಂದು ಮೂಲೆಯಲ್ಲಿ ಹೊಳಪಿನ ಕಪ್ಪು ಗೋಲಿಯೊಂದನ್ನು ಇಡುತ್ತಾರೆ. ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕಲಿಕೆಯನ್ನು ನಿಮ್ಮೂರಿನ ವೀರಗಲ್ಲು, ಗುಡಿಯ ಮುಂದಿನ ಶಾಸನದಿಂದ ಶುರು ಮಾಡಿ. ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಮೊದಲ ಪಾಠಕ್ಕೆ ನಾಲ್ಕೇ ಚಿತ್ರ ಸಾಕು: ಸಂಜೆಗತ್ತಲಲ್ಲಿ, ಅದೇ ಜಾಗದಿಂದ, ಟಾರ್ಚನ್ನು ಕಲ್ಲಿಗೆ ಹತ್ತಿರ ಓರೆಯಾಗಿ ಹಿಡಿದು, ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ.