ತಣ್ಣನೆಯ ಬಾವಿ ಉಕ್ಕಿದಾಗ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ ವೆಜೂಲ್ ಎಂಬ ಪಟ್ಟಣವಿದೆ. ಅದರ ಸಮೀಪದಲ್ಲಿ ಲಾಳಿಕೆಯ ಆಕಾರದ ದೊಡ್ಡದೊಂದು ಕುಳಿಯುಂಟು. ಹೆಸರು ಫ್ರೆ-ಪ್ಯುಯಿ, 'ತಣ್ಣನೆಯ ಬಾವಿ' ಎಂದರ್ಥ. ವರ್ಷದ ಬಹುಕಾಲ ನಾವು ಇಣುಕಿದರೆ ಕಾಣುವುದು ತಳದ ಬಂಡೆಗಳ ನಡುವಣ ಒಂದಿಷ್ಟು ನೀರು ಮಾತ್ರ. ಜಡಿಮಳೆ ಹಿಡಿದಾಗಲಾದರೋ ಕುಳಿ ಅಂಚಿನವರೆಗೂ ತುಂಬಿ ಉಕ್ಕುತ್ತದೆ. ಒಣಗಿದ್ದ ಕಣಿವೆಯಲ್ಲಿ ಹೊಸ ಹೊಳೆಯೊಂದು ಹರಿಯತೊಡಗುತ್ತದೆ.

1557ರಲ್ಲಿ ಬ್ಯಾರನ್ ಪೋಲ್ವಿಲರನ ದಂಡು ವೆಜೂಲನ್ನು ಮುತ್ತಿತ್ತು. ಸುಮಾರು ಒಂದು ದಿನ ಸುರಿದ ಮಳೆಗೆ ಈ ಕುಳಿ ಉಕ್ಕಿ ಬಯಲೆಲ್ಲ ಜಲಮಯವಾಗಲು, ದಂಡು ಬೆದರಿ ಕಾಲ್ತೆಗೆಯಿತೆಂದು ಊರಿನ ಚರಿತ್ರೆ ಹೇಳುತ್ತದೆ.

ಇಷ್ಟು ನೀರು ಬಂದುದೆಲ್ಲಿಂದ? ಉತ್ತರವಿರುವುದು ಅಲ್ಲಿಯ ಸುಣ್ಣಕಲ್ಲಿನಲ್ಲಿ. ಮಳೆಯ ನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲವಾದ ಆಮ್ಲವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಕರಗಿಸುತ್ತ, ಸಹಸ್ರಾರು ವರ್ಷಗಳಲ್ಲಿ ಸುರಂಗಗಳನ್ನೇ ಕೊರೆಯುತ್ತದೆ. ಇಂತಹ ನೆಲಕ್ಕೆ ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ಸಾಮಾನ್ಯ ದಿನಗಳಲ್ಲಿ ಸುರಂಗದ ನೀರು ತಗ್ಗಿನಲ್ಲಿರುವ ಶಾಂದಮ್ವಾ ಚಿಲುಮೆಯಿಂದ ಹೊರಬೀಳುತ್ತದೆ. ಮಳೆ ಮಿತಿಮೀರಿದರೆ ಆ ಬಾಯಿ ಸಾಲದು. ತೂಬು ಕಿರಿದಾಗಿದ್ದು ಹಂಡೆಗಟ್ಟಲೆ ನೀರು ಸುರಿದರೆ ನಮ್ಮ ಬಚ್ಚಲು ತುಂಬಿ ಚೆಲ್ಲುವುದಿಲ್ಲವೆ? ಹಾಗೆಯೇ ಇದು.

ಮರಳಿನ ಪದರದಲ್ಲಾದರೆ ನೀರು ಸೋಸಿಕೊಂಡು ಮೆಲ್ಲನೆ ಸಾಗುವುದು. ಸುರಂಗದಲ್ಲಿ ಅದು ಓಡುತ್ತದೆ. ಉಕ್ಕು ಹಠಾತ್ತಾಗಿರುವುದು ಅದರಿಂದಲೇ. ಹೊಲಕ್ಕೆ ಚೆಲ್ಲಿದ ಗೊಬ್ಬರವೂ ವಿಷವೂ ಸೋಸಲ್ಪಡದೆ ಚಿಲುಮೆಯನ್ನು ಸೇರಬಲ್ಲವಾದುದೂ ಅದರಿಂದಲೇ. ನಮ್ಮ ಮಟ್ಟಿಗೆ ಮುತ್ತಿಗೆಯ ಕಥೆಗಿಂತ ಇದು ಗಂಭೀರವಾದ ಸಂಗತಿ. ಮುಳುಗುಗಾರರು ನೀರು ತುಂಬಿದ ಆ ಕತ್ತಲ ಸುರಂಗಗಳಲ್ಲಿ ಕಿಲೋಮೀಟರುಗಟ್ಟಲೆ ದೂರ ಹೋಗಿಬಂದಿದ್ದಾರೆ.