ದಾಂಡೇಲಿ: ನಾಟಾ ಡಿಪೋದಿಂದ ವಿಹಾರಸ್ಥಾನದವರೆಗೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯನ್ನು ಇಂದಿನ ಪ್ರವಾಸಿಗರು ಕಾಳೀ ನದಿಯ ತೆಪ್ಪಯಾನಕ್ಕಾಗಿಯೂ ಮಂಗಟ್ಟೆ ಹಕ್ಕಿಗಳಿಗಾಗಿಯೂ ಅರಿತಿರುವರು. ಆದರೆ ಈ ಊರು ಬೆಳೆದುದು ಮರ ಕಡಿಯುವ ಕಸುಬಿನಿಂದ. ಒಂದು ಕಸುಬು ಅಳಿದು ಮತ್ತೊಂದು ಬಂದಿತೆಂದು ಹೇಳಿಬಿಡುವುದು ಸುಲಭ. ಇಂದಿನ ವಿಹಾರವು ಹಿಂದಿನ ಉದ್ಯಮಗಳ ತಳಹದಿಯ ಮೇಲೆಯೇ ನಿಂತಿದೆಯೆಂಬುದು ಹೆಚ್ಚು ವಿಚಾರಾರ್ಹವಾದುದು.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿಯ ಸಾಗವಾನಿಗೆ ಹಡಗುಕಟ್ಟೆಗಳಿಂದಲೂ ರೈಲುದಾರಿಗಳಿಂದಲೂ ಬೇಡಿಕೆಯಿದ್ದಿತು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ರೈಲಿನ ಕವಲುದಾರಿ ಬಂದುದು ಮುಖ್ಯವಾಗಿ ನಾಟಾ ಸಾಗಣೆಗಾಗಿಯೇ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿ, ಮರದ ಜೊತೆಗೆ ಬಿದಿರಿಗೂ ಬೇಡಿಕೆ ಹುಟ್ಟಿತು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುವುದೆಂದು ಅಧಿಕಾರಿಗಳು ಎಣಿಸಿದ್ದರು. ಸವರಿದಲ್ಲಿ ಎಳೆಯ ಕಳಲೆ ದನಗಳ ಬಾಯಿಗೆ ಬೀಳುವುದೆಂಬುದು ಹಳ್ಳಿಗರ ಮಾತು. ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಪರಿಶೀಲಿಸಿದಾಗ ಹಳ್ಳಿಗರ ಮಾತೇ ನಿಜವೆಂದು ಕಂಡುಬಂದಿತು. ಕಾರ್ಖಾನೆ ಈಗಲೂ ನಡೆಯುತ್ತಿದೆ. ಅದರ ಕಚ್ಚಾ ಸಾಮಗ್ರಿ ಮಾತ್ರ ಬಹುಮಟ್ಟಿಗೆ ನೆಟ್ಟು ಬೆಳೆಸಿದ ತೋಪುಗಳಿಂದ ಬರುತ್ತದೆ.

1956ರಲ್ಲಿ ವನ್ಯಧಾಮವು ಘೋಷಿತವಾದರೂ ಕಡಿತ ಕೂಡಲೆ ನಿಲ್ಲಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆ, 1988ರ ರಾಷ್ಟ್ರೀಯ ಅರಣ್ಯ ನೀತಿ, 1996ರ ಸರ್ವೋಚ್ಚ ನ್ಯಾಯಾಲಯದ ಆದೇಶ, ಇವು ಒಂದರ ಮೇಲೊಂದು ಬಂದು ಕಾಡಿನ ಬೆಲೆಯನ್ನು ಘನ ಅಡಿಗಳಲ್ಲಿ ಅಳೆಯುವ ಪದ್ಧತಿಯನ್ನು ಹಿಂದಕ್ಕೆ ಸರಿಸಿದವು. ಮಂಗಟ್ಟೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಈ ಹಕ್ಕಿ ಗೂಡು ಮಾಡುವುದು ಹಳೆಯ ಹೆಮ್ಮರದ ಪೊಟರೆಯಲ್ಲಿ. ಹೆಣ್ಣು ಒಳಸೇರಿ ಬಾಯಿಯನ್ನು ಮುಚ್ಚಿಕೊಂಡು ತಿಂಗಳುಗಟ್ಟಲೆ ಅಲ್ಲಿಯೇ ಇರುವುದು. ಗಂಡು ಕಿಂಡಿಯಿಂದ ಹಣ್ಣು ಉಣಿಸುವುದು. ಪೊಟರೆಬಿದ್ದ ಮರವು ನಾಟಾ ವ್ಯಾಪಾರಿಯ ಲೆಕ್ಕದಲ್ಲಿ ಕೆಟ್ಟ ಮರ. ಅಂಥ ಮರಗಳಿಂದಲೇ ಇಂದು ಪ್ರವಾಸಿಗರು ಬರುತ್ತಿದ್ದಾರೆ. 2011ರಲ್ಲಿ ಈ ಹಕ್ಕಿಗಾಗಿಯೇ ಸಂರಕ್ಷಿತ ಪ್ರದೇಶವೊಂದು ಘೋಷಿತವಾಯಿತು. ನಾಟಾ ಡಿಪೋದ ಆವರಣವೇ ಪಕ್ಷಿವೀಕ್ಷಕರಿಗೆ ಪ್ರಿಯವಾದ ಸ್ಥಳವಾಗಿರುವುದು ಒಂದು ಸೋಜಿಗ.

ನದಿಯ ವಿಷಯ ಇದಕ್ಕಿಂತಲೂ ಕುತೂಹಲಕರವಾದುದು. ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದರ ಎತ್ತರ 101 ಮೀಟರು. ಕಾಳೀ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣ ಅದರ ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ನಿರ್ವಸಿತರಲ್ಲಿ ಅನೇಕರು ರಾಮನಗರವನ್ನು ಸೇರಿದರು. ಅಣೆಕಟ್ಟಿನ ಕೆಳಗೆ, ಗಣೇಶಗುಡಿಯ ಬಳಿ ಇಂದು ತೆಪ್ಪಗಳು ಸಾಗುತ್ತವೆ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಸೊರಗುವುದು ನದಿಯ ಸ್ವಭಾವ. ತೆಪ್ಪದ ಕಾಲವಾದರೋ ಮಳೆ ನಿಂತ ಮೇಲೆ ಆರಂಭವಾಗಿ ಬೇಸಗೆಯಲ್ಲಿಯೂ ನಡೆಯುವುದು. ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಹೊರಬೀಳುವ ನೀರೇ ಇದಕ್ಕೆ ಕಾರಣ. ಯಂತ್ರ ನಿಂತರೆ ಬಂಡೆಗಳು ತಲೆಯೆತ್ತುತ್ತವೆ, ತಿರುಗಿದೊಡನೆ ಪ್ರವಾಹವೇರುತ್ತದೆ. ಆದುದರಿಂದ ನದಿಗಿಳಿಯುವವನಿಗೆ ಈಜಿಗಿಂತ ಮೊದಲು ಬೇಕಾದುದು ನೀರು ಬಿಡುವ ಹೊತ್ತಿನ ತಿಳಿವಳಿಕೆ. ಅಣೆಕಟ್ಟಿನ ಕೆಲಸಕ್ಕೆಂದು ಸಿಡಿಮದ್ದು ಇಡುತ್ತಿದ್ದ ಉಗ್ರಾಣವೂ ಈಗ ‘ಓಲ್ಡ್ ಮ್ಯಾಗಜೀನ್ ಹೌಸ್’ ಎಂಬ ಪ್ರವಾಸಿಗೃಹವಾಗಿದೆ.

ಈ ಮಾರ್ಪಾಡಿನ ಲಾಭ ಯಾರಿಗೆ ಸಂದಿತೆಂಬ ಪ್ರಶ್ನೆ ಉಳಿದಿದೆ. ಹೋಮ್‌ಸ್ಟೇ ನಡೆಸುವವರು, ತೆಪ್ಪ ನಡೆಸುವ ಯುವಕರು, ಕಾಡು ತೋರಿಸುವ ಮಾರ್ಗದರ್ಶಿಗಳು ಇದರಿಂದ ಜೀವನೋಪಾಯ ಪಡೆದಿರುವುದು ನಿಜ. 2007ರಲ್ಲಿ ಘೋಷಿತವಾಗಿ, 2015ರಿಂದ ಕಾಳಿಯ ಹೆಸರನ್ನು ಹೊತ್ತಿರುವ ಹುಲಿ ಸಂರಕ್ಷಿತ ಪ್ರದೇಶದೊಳಗೆ ಕುಣಬಿ ಮೊದಲಾದ ಜನರ ಹಳ್ಳಿಗಳಿವೆ. ಅವುಗಳಲ್ಲಿ ಕೆಲವು ಕುಟುಂಬಗಳು ಪರಿಹಾರ ಪಡೆದು ಹೊರಬಂದಿವೆ. ಅವರು ಬಿಟ್ಟುಬರುತ್ತಿರುವ ಕಾಡಿಗೆ ಊರಿನಿಂದ ದಿನವೂ ಸಫಾರಿಯ ಜೀಪುಗಳು ಹೋಗುತ್ತಿವೆ.